ಮೇಲಿನ ಎರಡು ಶೀಟು

"ಹೊರಗೆ ಬಾರಯ್ಯ! ಬಾಗಿಲು ಹಾಕಿಸಿದ್ದೀನಿ. ಎಲ್ಲಿಗೆ ಹೋಗ್ತೀಯ?"

ಗೋದಾಮಿನ ಸಾಹುಕಾರನ ದನಿ. ಹತ್ತಿರವಾಗುತ್ತಿತ್ತು.

ನಾನು ಪ್ಲೈವುಡ್ ರಾಶಿಯ ಹಿಂದೆ ಕುಕ್ಕುರುಗಾಲಲ್ಲಿ ಕೂತಿದ್ದೆ. ಕೈಯಲ್ಲಿ ಅದರದೇ ಅಂಗೈಯಗಲದ ಒಂದು ಚೂರು.

ನನ್ನ ಕಸುಬು ಏನು ಅಂತೀರಾ? ಮನೆ ಕಟ್ಟಿಸುವವರಿಗೆ ಪ್ಲೈವುಡ್ ಆರಿಸಿಕೊಡುವುದು. ನಾಣ್ಯದಿಂದ ತಟ್ಟುತ್ತೇನೆ. ಟಣ್ ಎಂದರೆ ಗಟ್ಟಿ. ಡಬ್ ಎಂದರೆ ಪೊಳ್ಳು. ಇಪ್ಪತ್ತು ವರ್ಷ ಈ ಕಿವಿ ಮೋಸ ಹೋಗಿರಲಿಲ್ಲ.

ಇವತ್ತು ಯಾರದೋ ಅಲಮಾರಿಗೆಂದು ಬಂದವನು, ಯಾಕೋ ರಾಶಿಯ ಅಡಿಯ ಶೀಟು ಎಳೆದು ತಟ್ಟಿದೆ.

ಡಬ್!

ಅಂಚಿನ ಕೆಂಪು ಬಣ್ಣವನ್ನು ಉಗುರಲ್ಲಿ ಕೆರೆದೆ. ಬಿರುಕಿಗೆ ಮೆತ್ತಿದ್ದ ಪುಟ್ಟಿ ಉದುರಿತು. ಹಿಂದೆ ಬೆರಳು ತೂರುವಷ್ಟು ಸಂದು. ಮೂಲೆ ಹಿಡಿದು ಜಗ್ಗಿದೆ... ಪದರ ಪದರವಾಗಿ ಕಿತ್ತು ಬಂತು. ಮೊಹರು ಮಾತ್ರ ಮೊದಲ ದರ್ಜೆಯದು!

ಮೇಲಿನ ಎರಡು ಶೀಟು ಚಿನ್ನ. ಕೆಳಗಿನದೆಲ್ಲ ಕಸ.

ನಾನು ಯಾವತ್ತೂ ಮೇಲಿನೆರಡನ್ನೇ ತಟ್ಟುವವನು. ಸಾಹುಕಾರ ಅದನ್ನು ನೋಡಿಟ್ಟುಕೊಂಡಿದ್ದ.

ಹತ್ತು ದಿನದ ಹಿಂದೆ ತಂಗಿಯ ಮನೆಯ ಅಟ್ಟಕ್ಕೆ ಇದೇ ರಾಶಿಯಿಂದ ಹಲಗೆ ಕಳಿಸಿದ್ದೆ.

ನಾನೇ ತಟ್ಟಿ, ನಾನೇ ಹೂಂ ಅಂದು!

ಕಿತ್ತ ಸದ್ದಿಗೆ ಸಾಹುಕಾರ ಬರುವಷ್ಟರಲ್ಲಿ ರಾಶಿಯ ಹಿಂದೆ ಅವಿತಿದ್ದೆ; ಅಲ್ಲಿಂದಲೇ ತಂಗಿಗೆ ಫೋನ್ ಒತ್ತಿದೆ. "ಅಟ್ಟದ ಮೇಲೆ ಏನಿಟ್ಟಿದ್ದೀಯೆ?"

"ಇನ್ನೂ ಏನಿಲ್ಲ ಅಣ್ಣ. ಇವರು ಈಗ ಕಬ್ಬಿಣದ ಟ್ರಂಕು ಹತ್ತಿಸ್ತಿದ್ದಾರೆ. ಯಾಕೆ ಕಳ್ಳನ ಥರ ಪಿಸುಗುಡ್ತೀಯ?"

"ಪಾಪು?"

"ಕೆಳಗೇ ತೊಟ್ಟಿಲಲ್ಲಿ. ಈಗಷ್ಟೇ ಮಲಗಿದೆ."

"ಎತ್ಕೋ! ಮೊದಲು ಎತ್..."

ಹಿಂದಿನಿಂದ ಒಂದು ಕೈ ಫೋನ್ ಕಿತ್ತುಕೊಂಡಿತು. ಸಾಹುಕಾರ!

"ಚೂರು ಕೊಡು. ಊರೆಲ್ಲ ತೋರಿಸ್ಕೊಂಡು ಬರ್ತೀಯ?"

ನಿಲ್ಲಿಸಿದ್ದ ಶೀಟುಗಳನ್ನು ಅವನತ್ತ ತಳ್ಳಿದೆ. ಕಿಟಕಿಯಿಂದ ಧುಮುಕಿದೆ.

ಮೂರು ಬೀದಿ. ಉರಿಬಿಸಿಲು. ಹಿಂದೆ ದೂರದಲ್ಲಿ ಅವನ ಬೈಕಿನ ಸದ್ದು. ಒಂದು ಚಪ್ಪಲಿ ಎಲ್ಲಿ ಕಳಚಿತೋ ತಿಳಿಯದು.

ತಂಗಿಯ ಮನೆಯೊಳಗೆ ನುಗ್ಗಿದೆ. ಟ್ರಂಕು ಆಗಲೇ ಅಟ್ಟದ ಮೇಲಿತ್ತು! ತಂಗಿಯ ಗಂಡ ಸ್ಟೂಲಿನಿಂದ ಇಳಿದು ಕೈ ಒರೆಸಿಕೊಳ್ಳುತ್ತಿದ್ದ.

ಹಲಗೆ ನಡುವೆ ಬಾಗಿತ್ತು. ಅದರ ಕೆಳಗೇ ತೊಟ್ಟಿಲು.

ಒಂದೇ ನೆಗೆತಕ್ಕೆ ಮಗುವನ್ನು ಎತ್ತಿಕೊಂಡೆ. "ಎಲ್ಲರೂ ಗೋಡೆಗೆ ಸರೀರಿ!"

"ಏನ್ ಭಾವ, ಏನಾಯ್ತು?"

ಬಾಗಿಲಲ್ಲಿ ಸಾಹುಕಾರ. ಏದುಸಿರು.

"ಇವನ ಮಾತು ಕೇಳ್ಬೇಡಿ. ನಂದು ನಂಬರ್ ಒನ್ ಮಾಲು!"

"ಗ್ಯಾರಂಟಿನಾ?" ಅಂದೆ.

"ನೂರು ವರ್ಷ!"

"ಹಂಗಾದ್ರೆ ಅದರ ಕೆಳಗೆ ನಿಂತು ಹೇಳಿ."

ಅವನು ಮೇಲೆ ನೋಡಿದ. ಕಿರ್ರ್... ಎಂದಿತು ಹಲಗೆ.

ಅವನು ಒಂದು ಹೆಜ್ಜೆ ಮುಂದಿಟ್ಟ. ಎರಡು ಹೆಜ್ಜೆ ಹಿಂದಿಟ್ಟ.

ಧಡ್!!

ತೊಟ್ಟಿಲು ಚೂರುಚೂರು. ಧೂಳು ನಿಧಾನಕ್ಕೆ ಇಳಿಯಿತು. ತಂಗಿ ಅಳಲಿಲ್ಲ, ಬೈಯಲಿಲ್ಲ. ಮಗುವನ್ನು ನನ್ನ ತೋಳಿಂದ ಮೆಲ್ಲಗೆ ಬಿಡಿಸಿಕೊಂಡಳು, ಅಷ್ಟೇ. ಅವಳು ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಈಗಲೂ ಅದೇ ಕಸುಬು. ನಾಣ್ಯ ಮಾತ್ರ ಜೇಬಿನಲ್ಲೇ ಇರುತ್ತದೆ. ಅಡಿಯ ಶೀಟು ಎಳೆದು, ಎರಡು ರಾಶಿಗಳ ನಡುವೆ ಸೇತುವೆಯ ಹಾಗೆ ಇಟ್ಟು, ಮೇಲೆ ಭಾರ ಹೇರಿಸುತ್ತೇನೆ...

ಆಮೇಲೆ ಅಂಗಡಿಯವನಿಗೆ ಹೇಳುತ್ತೇನೆ: "ಸ್ವಾಮಿ, ಸ್ವಲ್ಪ ಇದರ ಕೆಳಗೆ ಕೂತ್ಕೊಳ್ಳಿ."