ಸೋಮವಾರದ ಬ್ಯಾಟರಿ

ಐದನೆಯ ಸೋಮವಾರವೂ ಅವನು ಬೈಕನ್ನು ತಳ್ಳಿಕೊಂಡೇ ಬಂದ. ನಾನು ಅಂಗಡಿಯ ಷಟರ್ ಅರ್ಧ ಎತ್ತಿದ್ದೆ. ಕೆಳಗಿನ ಸಂದಿಯಲ್ಲಿ ಮೊದಲು ಮುಂದಿನ ಚಕ್ರ ಕಂಡಿತು, ಆಮೇಲೆ ಪಾಲಿಶ್ ಹಾಕಿದ ಕಪ್ಪು ಶೂ. ಆ ಶೂ ಕಂಡರೆ ಸಾಕು, ನನ್ನ ಮುಖ ತಾನಾಗಿ ಅರಳುತ್ತಿತ್ತು. ಅದು ಅವನಿಗೆ ಗೊತ್ತಾಗಬಾರದೆಂದು ಷಟರನ್ನು ಬೇಕೆಂದೇ ನಿಧಾನವಾಗಿ ಎತ್ತಿದೆ.

"ಡಾಕ್ಟ್ರೇ, ಪೇಷೆಂಟ್ ಮತ್ತೆ ಮಲಗಿದ್ದಾನೆ," ಅಂದ.

"ಪೇಷೆಂಟ್‌ಗೆ ಏನೂ ಆಗಿಲ್ಲ. ಆಗಿರೋದು ಅವನ ಯಜಮಾನರಿಗೆ."

"ಅದಂತೂ ನಿಜ. ಅದಕ್ಕೆ ಔಷಧಿನೂ ನಿನ್ನ ಹತ್ರಾನೇ ಇರೋದು."

ನನ್ನ ಕೈಯಿಂದ ಷಟರಿನ ಕೋಲು ತೆಗೆದುಕೊಳ್ಳುವಾಗ ನನ್ನ ಬೆರಳುಗಳನ್ನು ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚು ಹಿಡಿದ. ಅವನ ಕೈಗೂ ಗ್ರೀಸ್ ಅಂಟಿತು. ಒರೆಸಿಕೊಳ್ಳಲಿಲ್ಲ.

ನಾನು ಬೈಕುಗಳ ಬ್ಯಾಟರಿ, ವೈರಿಂಗ್ ರಿಪೇರಿ ಮಾಡುವವಳು. ಅವನು ಎರಡು ಬೀದಿ ಆಚೆಯ ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಹಾರ್ನ್ ಸರಿ ಮಾಡಿಸಲು ಬಂದವನು ಒಂದು ವರ್ಷದಿಂದ ಬರುತ್ತಲೇ ಇದ್ದ. ಮದುವೆಯ ಮಾತು ಬಂದಾಗ, "ಅಮ್ಮ ಒಪ್ಪಬೇಕು. ಫೋನಲ್ಲಿ ಹೇಳೋ ವಿಷಯ ಅಲ್ಲ, ಎದುರು ಕೂತು ಹೇಳಬೇಕು," ಅಂದಿದ್ದ. ಅಮ್ಮ ಇರುವುದು ಅರವತ್ತು ಕಿಲೋಮೀಟರ್ ದೂರದಲ್ಲಿ. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದ. ದಾರಿಯಲ್ಲಿ ನನಗೆ ಫೋನ್ ಮಾಡಲಿ ಎಂದು ಹ್ಯಾಂಡಲ್ ಪಕ್ಕದಲ್ಲಿ ಮೊಬೈಲ್ ಚಾರ್ಜರ್ ಕೂರಿಸಿಕೊಟ್ಟವಳೂ ನಾನೇ.

ಸೋಮವಾರ ಬೈಕಿನ ಜೊತೆ ಅಮ್ಮನ ಸುದ್ದಿಯೂ ಬರುತ್ತಿತ್ತು. ಮೊದಲ ವಾರ ಅವರು ಮಾತೇ ಆಡಲಿಲ್ಲವಂತೆ, ಪಾತ್ರೆ ತೊಳೆಯುತ್ತಾ ಬೆನ್ನು ತಿರುಗಿಸಿ ನಿಂತಿದ್ದರಂತೆ. ಎರಡನೆಯ ವಾರ, ಹುಡುಗಿ ಎಷ್ಟು ಎತ್ತರ ಎಂದು ಕೇಳಿದರಂತೆ. ಮೂರನೆಯ ವಾರ ನನ್ನ ಕೈಯ ಗ್ರೀಸಿನ ವಿಷಯ ಕೇಳಿ ನಕ್ಕುಬಿಟ್ಟರಂತೆ. "ನಿಮ್ಮಪ್ಪನ ಕೈನೂ ಹಾಗೇ ಇತ್ತು. ಸೋಪಿಗೆ ಹೋಗಲ್ಲ, ಸೀಮೆಎಣ್ಣೆ ಹಚ್ಚಿ ತೊಳಿಯೋಕೆ ಹೇಳು," ಅಂದರಂತೆ. ನಾಲ್ಕನೆಯ ವಾರ ಕಡ್ಡಿ ಮುರಿದು ದಾರ ಕಟ್ಟಿದ ಕನ್ನಡಕ ಹಾಕಿಕೊಂಡು ನನ್ನ ಫೋಟೋ ನೋಡಿದರಂತೆ.

ನನಗೆ ತಾಯಿ ಇಲ್ಲ, ಬೆಳೆಸಿದವಳು ಅಕ್ಕ. ಸೀಮೆಎಣ್ಣೆಯ ಮಾತು ಕೇಳಿದ ದಿನ ಅಂಗಡಿಯ ಹಿಂದೆ ಹೋಗಿ ಕಣ್ಣೊರೆಸಿಕೊಂಡೆ. ಅಲ್ಲಿಂದ ಮುಂದೆ ನಾನು ಸೋಮವಾರಕ್ಕೆ ಕಾಯುತ್ತಿದ್ದದ್ದು ಅವನಿಗಾಗಿ ಎಷ್ಟೋ ಅವನ ಅಮ್ಮನಿಗಾಗಿಯೂ ಅಷ್ಟೇ.

"ಅಷ್ಟೆಲ್ಲ ಕೇಳೋ ಹೆಂಗಸು ನಿನಗೊಂದು ಫೋನ್ ಮಾಡಬಾರದಾ?" ಎಂದು ಅಕ್ಕ ಕೇಳಿದ್ದಳು.

"ಅವರಿಗೆ ಟೈಮ್ ಬೇಕು ಅಕ್ಕ. ನೀನು ಸುಮ್ಮನಿರು."

"ಈ ತಿಂಗಳ ಕೊನೆ ತನಕ ಸುಮ್ಮನಿರ್ತೀನಿ," ಅಂದಳು. ಅವಳು ಹೇಳಿದ್ದನ್ನು ಮಾಡುವವಳು.

ಇತ್ತ ಈ ಬ್ಯಾಟರಿ ನನ್ನ ಮಾನ ಕಳೆಯುತ್ತಿತ್ತು. ಶನಿವಾರ ಪೂರ್ತಿ ಚಾರ್ಜ್ ಮಾಡಿ ಕಳಿಸಿದರೆ ಸೋಮವಾರ ಸೆಲ್ಫ್ ಒತ್ತಿದಾಗ ಟಿಕ್ ಟಿಕ್ ಎಂದು ಸುಮ್ಮನಾಗುತ್ತಿತ್ತು. ಹಳೆಯ ಬೈಕು, ಕಿಕ್ ಎಂದೋ ಕೆಲಸ ಬಿಟ್ಟಿತ್ತು. ಒಂದೊಂದೇ ನೋಡುತ್ತಾ ಬಂದೆ. ಟರ್ಮಿನಲ್ಲಿಗೆ ಕಟ್ಟಿದ್ದ ಬಿಳಿ ಪುಡಿ ಉಜ್ಜಿ ತೆಗೆದೆ, ಅರ್ತ್ ವೈರ್ ಬದಲಿಸಿದೆ. ಇಂಜಿನ್ ಓಡುವಾಗ ಬ್ಯಾಟರಿಗೆ ಹದಿನಾಲ್ಕು ವೋಲ್ಟ್ ಬರಬೇಕು, ಬರುತ್ತಿತ್ತು. ಅಂದರೆ ಕರೆಂಟ್ ಹುಟ್ಟಿಸುವ ಕಾಯಿಲ್ಲೂ ಸರಿ, ಅದನ್ನು ಹದದಲ್ಲಿಡುವ ರೆಗ್ಯುಲೇಟರ್ರೂ ಸರಿ. ಕೀ ತೆಗೆದ ಮೇಲೆ ಎಲ್ಲಾದರೂ ಸೋರುತ್ತಿದೆಯೇ ಎಂದು ಮೀಟರ್ ಹಿಡಿದೆ. ಏನೂ ಇಲ್ಲ. ಹೋದ ಶನಿವಾರ ಅಂಗಡಿಯ ಹೊಸ ಬ್ಯಾಟರಿಯನ್ನೇ ಹಾಕಿ ಕಳಿಸಿದ್ದೆ. ಈಗ ಅದೂ ಮಲಗಿಕೊಂಡು ಬಂದಿತ್ತು.

ಇಷ್ಟಾದರೂ ನನಗೆ ಅನುಮಾನ ಬಂದದ್ದು ನನ್ನ ಮೀಟರಿನ ಮೇಲೆ. ಎರಡು ವಾರದ ಹಿಂದೆಯೇ ಹೊಸ ಮೀಟರ್ ತಂದಿದ್ದೆ. ಅದೂ ಹಳೆಯದರ ಮಾತನ್ನೇ ಹೇಳಿದಾಗ ನನ್ನ ಕೈಗೆ ಕೆಲಸ ಮರೆತುಹೋಗಿದೆ ಅಂದುಕೊಂಡೆ. ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ.

"ಸಂಜೆ ಬರ್ತೀನಿ," ಅಂದ ಅವನು. "ಅಮ್ಮ ಮುಕ್ಕಾಲು ಪಾಲು ಒಪ್ಪಿದ್ದಾಳೆ."

"ಉಳಿದ ಕಾಲು ಪಾಲು?"

"ನಿನ್ನ ಮುಖ ನೋಡಿದ ಮೇಲಂತೆ." ಎಡ ಹುಬ್ಬು ಎತ್ತಿ ನನ್ನ ಮುಖವನ್ನು ಹಣೆಯಿಂದ ಗಲ್ಲದ ತನಕ ನಿಧಾನವಾಗಿ ನೋಡಿದ. "ಪಾಸ್ ಆಗ್ತೀಯ ಬಿಡು."

ಅವನು ಸ್ಕೂಲಿಗೆ ಹೋದ ಮೇಲೆ ನಾನು ಎಷ್ಟೋ ಹೊತ್ತು ಸುಮ್ಮಸುಮ್ಮನೆ ನಗುತ್ತಿದ್ದೆ. ಓಡಿಸಿ ನೋಡುವುದೊಂದೇ ಬಾಕಿ ಇತ್ತು. ಇನ್ನೊಂದು ಬ್ಯಾಟರಿಯಿಂದ ವೈರ್ ಕೊಟ್ಟು ಸ್ಟಾರ್ಟ್ ಮಾಡಿ, ಅವನ ಅಮ್ಮನ ಊರಿನ ರಸ್ತೆಯನ್ನೇ ಹಿಡಿದೆ. ಬೇರೆ ರಸ್ತೆಗಳೂ ಇದ್ದವು. ಮೊದಲ ಸಲ ಅವರೆದುರು ನಿಂತಾಗ ಏನು ಮಾತಾಡಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ. "ಸೀಮೆಎಣ್ಣೆ ಹಚ್ಚಿ ತೊಳೆದೆ ಅಮ್ಮ, ಹೋಯಿತು ನೋಡಿ" ಎಂದು ಕೈ ಚಾಚಬೇಕೆಂದುಕೊಂಡೆ. ಮೂವತ್ತು ಕಿಲೋಮೀಟರ್ ಹೋಗಿ, ನಾಚಿಕೆಯಾಗಿ ವಾಪಸ್ ತಿರುಗಿಸಿದೆ.

ಅಂಗಡಿಗೆ ಬಂದು, ಇಂಜಿನ್ ಆರಿಸಿ, ಟೀ ಕುಡಿದು, ಮೀಟರ್ ಇಟ್ಟೆ. ಬ್ಯಾಟರಿ ತುಂಬಿತ್ತು. ಸೆಲ್ಫ್ ಮುಟ್ಟಿದ ಕೂಡಲೇ ಬೈಕು ಎದ್ದಿತು.

ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಅರವತ್ತು ಕಿಲೋಮೀಟರಿಗೆ ತುಂಬುವ ಬ್ಯಾಟರಿ ನೂರಿಪ್ಪತ್ತು ಕಿಲೋಮೀಟರಿಗೆ ಖಾಲಿಯಾಗುವುದಿಲ್ಲ. ಈ ಬೈಕು ಭಾನುವಾರ ಎಲ್ಲಿಗೂ ಹೋಗುತ್ತಿರಲಿಲ್ಲ. ಎಲ್ಲೋ ಒಂದು ಕಡೆ ಇಂಜಿನ್ ಆರಿಸಿ, ಕೀ ಮಾತ್ರ ಆನ್ ಮಾಡಿಕೊಂಡು ನಿಂತು, ನಾನು ಕೂರಿಸಿಕೊಟ್ಟ ಚಾರ್ಜರಿನಲ್ಲಿ ದಿನವಿಡೀ ಅವನ ಫೋನಿಗೆ ಕರೆಂಟ್ ಕೊಡುತ್ತಿತ್ತು.

ಸಂಜೆ ಅವನು ಬಂದಾಗ ಬೈಕನ್ನು ಹೊರಗೆ ನಿಲ್ಲಿಸಿದ್ದೆ.

"ಸಿಕ್ತಾ ಕಾಯಿಲೆ?"

"ಸಿಕ್ತು. ನೀನು ಇದನ್ನ ಓಡಿಸ್ತಾ ಇಲ್ಲ. ಅಷ್ಟೇ."

ಅವನು ಮೊದಲು ನಕ್ಕ. ನನ್ನ ಮುಖ ನೋಡಿದ ಮೇಲೆ ಆ ನಗುವನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ.

"ಭಾನುವಾರ ಎಲ್ಲಿರ್ತೀಯ?"

"ಹಳೇ ಬಸ್ ಡಿಪೋ ಹಿಂದೆ," ಅಂದ. "ಮೊಬೈಲ್ ನೋಡ್ಕೊಂಡು ಕೂತಿರ್ತೀನಿ. ಒಬ್ಬನೇ. ನಿನ್ನಾಣೆಗೂ ಒಬ್ಬನೇ."

ಬೇರೆ ಹುಡುಗಿ ಇದ್ದಿದ್ದರೆ ಅವಳನ್ನೂ ಸೇರಿಸಿ ಬೈದು ಹಗುರಾಗುತ್ತಿದ್ದೆ. ಅದಕ್ಕೂ ದಾರಿ ಇಟ್ಟಿರಲಿಲ್ಲ.

"ನಿಮ್ಮಮ್ಮನಿಗೆ ನನ್ನ ವಿಷಯ?"

"ಗೊತ್ತಿಲ್ಲ."

"ಸೀಮೆಎಣ್ಣೆ ಹಚ್ಚೋಕೆ ಹೇಳಿದ್ದು?"

"ಅದು ನಾನೇ ಹೇಳಿದ್ದು. ನಿನಗೆ ಖುಷಿಯಾಗಲಿ ಅಂತ."

"ಕನ್ನಡಕಕ್ಕೆ ದಾರ ಕಟ್ಟಿದ್ದು?"

"ಅಮ್ಮ ಕನ್ನಡಕ ಹಾಕಲ್ಲ."

ಚಿತ್ರ ಬರೆಯುವವನಲ್ಲವೇ, ನನಗೊಬ್ಬ ಅಮ್ಮನನ್ನು ಬರೆದುಕೊಟ್ಟಿದ್ದ. ನಾನು ಅದಕ್ಕೆ ಜೀವ ತುಂಬಿಕೊಂಡು ಕೂತಿದ್ದೆ. ಅವನೆದುರು ಅಳಬಾರದೆಂದು ಸ್ಪ್ಯಾನರುಗಳನ್ನು ಒಂದೊಂದಾಗಿ ಗೋಡೆಯ ಮೊಳೆಗೆ ತೂಗುಹಾಕಿದೆ.

"ಈ ಭಾನುವಾರ ಖಂಡಿತ ಹೋಗ್ತೀನಿ. ಒಂದೇ ಒಂದು ಸಲ ನಂಬು."

"ಬೇಡ ಅಂತಾರೆ ಅಂತ ಅಷ್ಟು ಭಯನಾ?"

ಹೂಂ ಅಂದಿದ್ದರೆ ಸಾಕಿತ್ತು. ಅಲ್ಲೇ ಕ್ಷಮಿಸಿಬಿಡುತ್ತಿದ್ದೆನೇನೋ, ಜೊತೆಗೆ ನಾನೂ ಬರುತ್ತೇನೆ ಎನ್ನುತ್ತಿದ್ದೆ. ಆದರೆ ಐದು ವಾರದಲ್ಲಿ ಮೊದಲ ಸಲ ಅವನು ತನ್ನ ಮನಸ್ಸಿನ ನಿಜ ಹೇಳಿದ.

"ಅಮ್ಮ ಬೇಡ ಅನ್ನೋಳಲ್ಲ," ಅಂದ, ನೆಲ ನೋಡುತ್ತಾ. "ನಾನು ಏನು ಕೇಳಿದ್ರೂ ಇಲ್ಲ ಅಂದೋಳೇ ಅಲ್ಲ. ಹೇಳಿದ ತಕ್ಷಣ ಹೂಂ ಅಂದುಬಿಡ್ತಾಳೆ. ಅಂದುಬಿಟ್ರೆ, ಆಮೇಲೆ..."

ನಾನು ಏಪ್ರನ್ನಿನ ಜೇಬಿನಿಂದ ಕೀ ತೆಗೆದು ಅವನ ಕೈಗಿಟ್ಟೆ. ಈ ಸಲ ಬೆರಳು ತಾಗದಂತೆ ಇಬ್ಬರೂ ಜಾಗ್ರತೆ ವಹಿಸಿದೆವು.

"ಹೋಗು. ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತೆ."

ಆಯಿತು. ಆಗದೇ ಇರಲಿ ಎಂದು ಒಂದು ಕ್ಷಣ ಅನಿಸಿದ್ದು ಸುಳ್ಳಲ್ಲ. ಅವನು ತಿರುವಿನಲ್ಲಿ ಮರೆಯಾಗುವ ತನಕ ನಾನು ಷಟರ್ ಹಿಡಿದುಕೊಂಡು ನಿಂತಿದ್ದೆ, ಆಮೇಲೆ ಎಳೆದು ಬೀಗ ಹಾಕಿದೆ.

ಮನೆಯಲ್ಲಿ ಅಕ್ಕ ಬಟ್ಟೆ ಮಡಿಚುತ್ತಿದ್ದಳು. ನನ್ನನ್ನು ಕಂಡವಳೇ, "ಏನಂದ್ರಂತೆ ಅವರಮ್ಮ ಈ ವಾರ?" ಎಂದು ಕೇಳಿದಳು.

"ಅವರದ್ದೇನೂ ಅಡ್ಡಿ ಇಲ್ಲವಂತೆ ಅಕ್ಕ," ಅಂದೆ. "ಹುಡುಗನೇ ಒಪ್ಪಿಲ್ಲ."