ಆಮೆ ಕಡುಬಿಗೆ ಮುತ್ತಿದ ಇರುವೆ

ಅಡುಗೆಮನೆಯ ಬೀರು ತೆಗೆದ ಪೇಶಾನ್ ಕಿರುಚಿದಳು. ಮಾವನ ತಿಥಿಗೆಂದು ಹಿಂದಿನ ಸಂಜೆ ಅಕ್ಕಿ ಹಿಟ್ಟಿನಲ್ಲಿ ಆಮೆಯ ಆಕಾರಕ್ಕೆ ಮಾಡಿಟ್ಟ ಕೆಂಪು ಸಿಹಿ ಕಡುಬುಗಳು ಕಪ್ಪಾಗಿದ್ದವು. ಆ ಕಪ್ಪು ಹರಿದಾಡುತ್ತಿತ್ತು — ಇರುವೆ!

ಕೂಗು ಕೇಳಿ ನಾವು ಓಡಿದೆವು. ನಾವು ಅಂದರೆ, ಪಕ್ಕದ ಮನೆಯ ಜಗಲಿಯಲ್ಲಿ ಚದುರಂಗ ಆಡುತ್ತಿದ್ದ ನಾನು ಮತ್ತು ಸೂ ತಿಂಗ್‌ಫಾ. ಸೂ ತೈನಾನ್ ನಗರದ ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು. ನನ್ನ ರಥವನ್ನು ಹೊಡೆಯುವುದರಲ್ಲಿದ್ದರು. ಹಾಗಾಗಿ ನನಗೆ ಇರುವೆಗಳ ಮೇಲೆ ಪ್ರೀತಿಯೇ ಉಕ್ಕಿತು.

ಅಡುಗೆಮನೆಯಲ್ಲಿ ಪೇಶಾನ್‌ಳ ಅತ್ತೆ ಯೂಗುಯಿ ವಿಷದ ಸ್ಪ್ರೇ ಡಬ್ಬಿ ಹಿಡಿದು ನಿಂತಿದ್ದರು.

“ದಿನಾ ಬೀರು ಕಾಲಿನ ಬಟ್ಟಲಿಗೆ ನೀರು ಹಾಕು ಅಂತ ಬಾಯಿ ಬಡ್ಕೊಂಡೆ. ಹಾಕಿದ್ಯಾ?”

“ಹಾಕಿದೀನಿ ಅತ್ತೆ! ಸ್ಪ್ರೇ ಮಾತ್ರ ಬೇಡ. ಮಗು ಅಂಬೆಗಾಲಿಡ್ತಿದೆ, ಕಂಡಿದ್ದೆಲ್ಲ ಬಾಯಿಗೆ ಹಾಕುತ್ತೆ.”

“ಹಾಗಾದ್ರೆ ಇರುವೆ ಹಾರ್ಕೊಂಡು ಬಂದ್ವಾ?”

“ಅತ್ತಿಗೆ, ಡಬ್ಬಿ ಕೆಳಗಿಡಿ,” ಎಂದರು ಸೂ. “ಮಧ್ಯಾಹ್ನದೊಳಗೆ ನಾನು ಇರುವೆ ಬಂದ ದಾರಿ ತೋರಿಸದಿದ್ರೆ ಆಮೇಲೆ ಹೊಡೀರಿ.”

ನಮ್ಮ ಹಳೇ ಮನೆಗಳಲ್ಲಿ ಇರುವಂತೆ ಬೀರುವಿನ ನಾಲ್ಕೂ ಕಾಲು ನೀರಿನ ಬಟ್ಟಲುಗಳಲ್ಲಿ ನಿಂತಿದ್ದವು. ಬಟ್ಟಲು ತುಂಬಿದ್ದವು. ಬೀರು ಗೋಡೆಗೆ ತಾಗಿರಲಿಲ್ಲ. ಪೊರಕೆ, ಒರಸುವ ಬಟ್ಟೆ ಯಾವುದೂ ಅದಕ್ಕೆ ಒರಗಿರಲಿಲ್ಲ. ಇರುವೆ ಸಾಲು ಬಾಗಿಲ ಸಂದಿಯಿಂದ ಬಲಗಾಲಿನ ಬಟ್ಟಲಿಗೆ ಬಂದು, ಆ ಕಾಲನ್ನೇ ಹತ್ತುತ್ತಿತ್ತು. ನಡುವೆ ನೀರು!

“ಹೇಗೆ ದಾಟಿದ್ವು?” ಎಂದೆ.

ಸೂ ಬಗ್ಗಿ ಬಟ್ಟಲು ಮೂಸಿದರು. ನೇರ ಅಂಗಳಕ್ಕೆ ಹೋಗಿ ಸೀಬೆ ಗಿಡದ ಕುಂಡದೊಳಗೆ ಬೆರಳು ತೂರಿಸಿದರು. ನನಗೆ ಸಿಟ್ಟು ಬಂತು. ಒಳಗೆ ಸೊಸೆ ಅಳುತ್ತಿದ್ದಾಳೆ, ಇವರಿಗೆ ತೋಟಗಾರಿಕೆ!

“ಅತ್ತಿಗೆ, ಮನೇಲಿ ಅಕ್ಕಿ ತೊಳೆಯೋದು ಯಾರು?”

“ನಾನೇ. ಇನ್ಯಾರು?”

“ತೊಳೆದ ನೀರು?”

“ಯಾರಾದ್ರೂ ಚೆಲ್ತಾರಾ? ಈ ಗಿಡಕ್ಕೆ ಹಾಕ್ತೀನಿ.”

“ಮಣ್ಣು ಒಣಗಿ ಗಿಡ ಬಾಡಿದೆಯಲ್ಲ? ಮೊನ್ನೆಯಿಂದ ಆ ನೀರು ಎಲ್ಲಿಗೆ ಹೋಗ್ತಿದೆ?”

ಯೂಗುಯಿ ತಿರುಗಿ ಅಡುಗೆಮನೆ ಕಡೆ ನೋಡಿದರು.

“ಬಟ್ಟಲಿಗೆ!” ಎಂದರು ಸೂ. “ನೀರು ತುಂಬಿದೆಯಾ ಅಂತ ಎಲ್ಲರೂ ನೋಡಿದ್ವಿ, ಎಂಥ ನೀರು ಅಂತ ಯಾರೂ ನೋಡಲಿಲ್ಲ. ಸೊಸೆ ಮರೀತಾಳೆ ಅಂತ ನಿಮಗೆ ಅನುಮಾನ. ಅವಳು ಹಾಕಿದ್ದರ ಮೇಲೆ ನೀವೂ ಸುರಿದ್ರಿ. ಅದು ಹುಳಿಯಾಗಿ ಕೆನೆ ಕಟ್ತು. ನಿನ್ನೆ ಕಡುಬಿನ ಹಿಟ್ಟಿನ ಧೂಳೂ ಅದರ ಮೇಲೆ ಕೂತ್ಕೊಳ್ತು. ಇರುವೆಗೆ ಸೇತುವೆ ಸಿಕ್ತು. ತಪ್ಪು ನಿಮ್ಮದೇ ಅತ್ತಿಗೆ!”

“ಒಳ್ಳೇದಕ್ಕೇ ಮಾಡಿದೆ...” ಯೂಗುಯಿಯ ದನಿ ಇಳಿಯಿತು.

ಸೂ ಬಟ್ಟಲುಗಳನ್ನು ಉಜ್ಜಿ ತೊಳೆದು, ತಿಳಿನೀರು ತುಂಬಿ, ಪಾತ್ರೆ ತೊಳೆಯುವ ಸೋಪಿನ ಒಂದೊಂದು ಹನಿ ಬಿಟ್ಟರು. ಕಾಲಿಟ್ಟ ಇರುವೆ ಮುಳುಗಿತು. ಹಿಂದಿನವು ತಿರುಗಿ ಹೊರಟವು. ಪೇಶಾನ್ ಅವುಗಳ ದಾರಿಯನ್ನು ವಿನಿಗರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ ಬಾಗಿಲ ಸಂದಿ ಮುಚ್ಚಿದಳು. ಮಗು ಅದೇ ನೆಲದ ಮೇಲೆ ಅಂಬೆಗಾಲಿಡುತ್ತಾ ಬಂದಾಗ ನನಗೆ ನಿಜಕ್ಕೂ ಸಂತೋಷವಾಯಿತು.

ಯೂಗುಯಿ ಮಗುವನ್ನು ಎತ್ತಿಕೊಂಡರು. “ಪೇಶಾನ್, ಹಿಟ್ಟು ಕಲಸು. ಪೂಜೆಗೆ ಇನ್ನೂ ಹೊತ್ತಿದೆ. ಇವನನ್ನ ನಾನು ನೋಡ್ಕೋತೀನಿ.”

“ಬಟ್ಟಲು, ಅತ್ತೆ?”

“ಅದು ನಿನ್ನ ಕೆಲಸ. ಇನ್ನು ನಾನು ಬಗ್ಗಿ ನೋಡೋದೂ ಇಲ್ಲ.”