ಮತ್ತೆ ಮತ್ತೆ ಮೇಲೆದ್ದ ಕಾಫಿ ಕಲೆ

"ಬ್ರೇಕ್! ಬ್ರೇಕ್ ಒತ್ತಿ ಟೀಚರಮ್ಮ... ಬ್ರೇಕ್!"

ಕೂಗು ಕೇಳಿಸಿದಾಗ ಪುಟ್ಟಿ ರಸ್ತೆಯ ನಟ್ಟನಡುವೆ ಇದ್ದಳು. ಹೆಗಲ ಮೇಲೆ ತೊಳೆದ ಕಾರ್ಪೆಟ್ಟು, ಕೈಯಲ್ಲಿ ಬಕೆಟ್ಟು. ಹಿಂದೆ ಓಡಲೋ ಮುಂದೆ ಓಡಲೋ ತಿಳಿಯದೆ ಕಣ್ಣು ಮುಚ್ಚಿಬಿಟ್ಟಳು!

ಕಿರ್ ಎಂದು ಕಾರು ಅವಳ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ ನಿಂತಿತು.

ಸ್ಟೀರಿಂಗ್ ಹಿಂದೆ ಕನ್ನಡಕದ ಟೀಚರಮ್ಮ ಬೆವರುತ್ತಿದ್ದರು. ಶಾಲೆಯಿಂದ ನಿವೃತ್ತರಾದ ಮೇಲೆ ಕಾರು ಕಲಿಯುವ ಹಟ ಹಿಡಿದವರು. ಪಕ್ಕದ ಸೀಟಿನಲ್ಲಿ ಡ್ರೈವಿಂಗ್ ಮಾಸ್ಟರ್. ಅವನ ಕಾಲಡಿಯೂ ಒಂದು ಬ್ರೇಕ್ ಇದ್ದದ್ದು ಪುಟ್ಟಿಯ ಪುಣ್ಯ. ಅದನ್ನು ಒತ್ತುವ ಭರದಲ್ಲಿ ಕೈಯಲ್ಲಿದ್ದ ಲೋಟದ ಕಾಫಿಯಷ್ಟೂ ಕಾರಿನ ನೆಲದ ಪಾಲಾಗಿತ್ತು.

"ನೋಡ್ಕೊಂಡು ದಾಟೋಕಾಗಲ್ವಾ ಮೇಡಂ?" ಅವನು ಕೆಳಗಿಳಿದು ಗದರಿದ. ಆಮೇಲೆ ದನಿ ಇಳಿಸಿದ. "ಏನೂ ಆಗ್ಲಿಲ್ಲ ತಾನೇ?"

ಪುಟ್ಟಿ ಬಗ್ಗಿ ನೋಡಿದಳು. ಅವಳ ಕಣ್ಣು ಆಗಲೇ ಕಾರಿನೊಳಗಿತ್ತು.

"ಅಯ್ಯೋ... ಹಾಲು ಹಾಕಿದ ಕಾಫಿ!"

ಸಾಯುವುದರಲ್ಲಿ ಉಳಿದವಳು ಆಡುವ ಮಾತೇ ಇದು? ಆದರೆ ಅವಳ ಕಸುಬೇ ಅದು. ಮನೆಯ ಅಂಗಳದಲ್ಲಿ ಕಾರಿನ ಕಾರ್ಪೆಟ್ ಕಲೆ ತೆಗೆದುಕೊಡುವುದು. ಇಪ್ಪತ್ತೆಂಟು ತುಂಬಿದ್ದರೂ ಅವಳನ್ನು ಸಾಕಿದ ಅತ್ತೆಯಿಂದ ಹಿಡಿದು ಇಡೀ ಬೀದಿಗೆ ಅವಳು ಪುಟ್ಟಿಯೇ. "ಪುಟ್ಟಿ ಕೈ ಹಾಕಿದ್ರೆ ಕಲೆಗೆ ಉಳಿಗಾಲ ಇಲ್ಲ" ಎಂಬ ಹೆಸರಿತ್ತು. ಆ ಹೆಸರು ಬಿಟ್ಟರೆ ಅವಳ ಹತ್ತಿರ ಹೇಳಿಕೊಳ್ಳುವಂಥದ್ದು ಬೇರೇನೂ ಇರಲಿಲ್ಲ.

"ತಪ್ಪು ನಂದು. ಕಲೆ ನಾನೇ ತೆಗೆದುಕೊಡ್ತೀನಿ. ದುಡ್ಡೇನೂ ಬೇಡ. ಅದೇ ಎದುರುಗಡೆ ಮನೆ, ಬನ್ನಿ," ಎಂದಳು.

ಅಂಗಳದಲ್ಲಿ ಅವಳು ಕಾರಿನ ಬಾಗಿಲ ಬಳಿ ಮಂಡಿಯೂರಿದಳು. ಬಿಳಿ ಬಟ್ಟೆಯನ್ನು ಕಲೆಯ ಮೇಲಿಟ್ಟು ಅಂಗೈಯಿಂದ ಒತ್ತಿದಳು. ಮಾಸ್ಟರ್ ಮಗುಚಿಟ್ಟ ಬಕೆಟ್ ಮೇಲೆ ಕೂತು ನೋಡಿದ.

"ಉಜ್ಜಲ್ವಾ?"

"ಉಜ್ಜಿದ್ರೆ ಹರಡುತ್ತೆ. ಒತ್ತಿ ಹೀರಿಸ್ಬೇಕು, ಅಂಚಿಂದ ನಡುವಿಗೆ." ಪಾತ್ರೆ ತೊಳೆಯುವ ಸೋಪನ್ನು ನೀರಿಗೆ ನಾಲ್ಕೇ ಹನಿ ಬಿಟ್ಟಳು. "ಹಾಲು, ಸಕ್ಕರೆ ಇಲ್ಲದ ಕಾಫಿಯಾಗಿದ್ರೆ ಹತ್ತು ನಿಮಿಷದ ಕೆಲಸ. ಹಾಲು ಬಿದ್ರೆ ಒಳಗೇ ಕೂತು ಹುಳಿಯಾಗಿ ವಾಸನೆ ಬರುತ್ತೆ."

"ಅಬ್ಬಾ... ಇಷ್ಟೆಲ್ಲ ಇದೆಯಾ ಇದ್ರಲ್ಲಿ!"

ಎಷ್ಟು ಜನರ ಕಲೆ ತೆಗೆದಿದ್ದಳೋ. ಯಾರೂ ಹೀಗೆ ಕೂತು ನೋಡಿರಲಿಲ್ಲ. ಪುಟ್ಟಿಗೆ ಏನೋ ಗಡಿಬಿಡಿ. ಆ ಗಡಿಬಿಡಿಯಲ್ಲಿ ನೀರು ಒಂದು ಚೊಂಬು ಹೆಚ್ಚಾಗಿಯೇ ಬಿತ್ತು.

ನಾಲ್ಕು ದಿನ ಕಳೆದು, ಭಾನುವಾರ ಮಾಸ್ಟರ್ ಮತ್ತೆ ಬಂದ.

"ಮೇಡಂ, ಕಲೆ ವಾಪಸ್ ಬಂದಿದೆ."

ಬಂದೇ ಬರುತ್ತದೆ. ಕಾರ್ಪೆಟ್ಟಿನ ಅಡಿ ದಪ್ಪ ಸ್ಪಾಂಜ್ ಇರುತ್ತದೆ. ಕಾಫಿ ಅದರೊಳಗೆ ಇಳಿದಿದ್ದರೆ ಮೇಲೆ ಎಷ್ಟು ಒರೆಸಿದರೂ, ಒಣಗುತ್ತ ಒಣಗುತ್ತ ಕಲೆ ಮತ್ತೆ ಮೇಲೇಳುತ್ತದೆ. ಸೀಟು ಬಿಚ್ಚಿ, ಕಾರ್ಪೆಟ್ ಎತ್ತಿ, ಸ್ಪಾಂಜನ್ನೇ ತೊಳೆದು ಒಣಗಿಸಬೇಕು. ಅರ್ಧ ದಿನದ ಕೆಲಸ. ಆಮೇಲೆ ಕಲೆ ಇಲ್ಲ.

ಆಮೇಲೆ ಅವನೂ ಇಲ್ಲ...

ಪುಟ್ಟಿ ಬಾಯಿ ತೆರೆದಳು. ಹೇಳಬೇಕಾದ್ದು ಹೇಳಲಿಲ್ಲ.

"ಹೌದಾ? ಕೂತ್ಕೊಳ್ಳಿ. ಇನ್ನೊಂದ್ಸಲ ಒತ್ತಿ ನೋಡ್ತೀನಿ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಆ ದಿನವೂ ಮೇಲೆ ಮೇಲೆ ಒರೆಸಿ ಕಳಿಸಿದಳು. ಮುಂದಿನ ಭಾನುವಾರವೂ ಅದೇ. ಅವನು ಬಕೆಟ್ ಮೇಲೆ ಕೂತು ಟೀಚರಮ್ಮ ರಿವರ್ಸ್ ಹಾಕಿದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುವ ಕಥೆ ಹೇಳಿದ. ಅವಳು ನಕ್ಕೂ ನಕ್ಕೂ ಸೋಪಿನ ನೀರು ಚೆಲ್ಲಿದಳು.

"ಏನೇ ಪುಟ್ಟಿ," ಅತ್ತೆ ಕಿಟಕಿಯಿಂದ ಇಣುಕಿ ಕೇಳಿದರು, "ಒಂದು ಲೋಟ ಕಾಫಿಯ ಕಲೆಗೆ ಎರಡು ಗಂಟೆ ಯಾಕೆ?"

"ಹಟಮಾರಿ ಕಲೆ ಅತ್ತೆ!"

"ಕಲೆ ಹಟಮಾರಿನೋ, ನೀನೋ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಪುಟ್ಟಿ ಸೆರಗು ಸರಿಮಾಡಿಕೊಂಡು ಒಳಗೋಡಿದಳು.

ಆದರೆ ಮೂರನೆಯ ಭಾನುವಾರ ಅವನು ನಗುತ್ತ ಬರಲಿಲ್ಲ.

"ಮೇಡಂ, ಕಾರೊಳಗೆ ವಾಸನೆ ಶುರುವಾಗಿದೆ. ಇಬ್ರು ಕಲಿಯೋಕೆ ಬರೋದನ್ನೇ ಬಿಟ್ರು. ಡ್ರೈವಿಂಗ್ ಸ್ಕೂಲ್ ಓನರ್ ಬೈತಿದ್ದಾರೆ... ಸರಿ ಹೋಗದಿದ್ರೆ ಕಾರು ಬೇರೆಯವರಿಗೆ ಕೊಡ್ತಾರಂತೆ. ಇದು ಹೋಗೋದೇ ಇಲ್ವಾ?"

ಪುಟ್ಟಿ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು. *ನನ್ನ ಖುಷಿಗೆ ಅವರ ಅನ್ನಕ್ಕೇ ಕಲ್ಲು ಹಾಕಿದೆನಾ?*

"ಹೋಗುತ್ತೆ," ಎಂದಳು ಸಣ್ಣ ದನಿಯಲ್ಲಿ. "ಇವತ್ತೇ ಹೋಗುತ್ತೆ."

ಸ್ಪ್ಯಾನರ್ ತಂದು ಸೀಟಿನ ಬೋಲ್ಟ್ ಬಿಚ್ಚಿದಳು. ಇಬ್ಬರೂ ಸೇರಿ ಸೀಟು ಹೊರಗಿಟ್ಟರು. ಬಾಗಿಲ ಅಂಚಿನ ಪ್ಲಾಸ್ಟಿಕ್ ಪಟ್ಟಿ ಕಿತ್ತು ಕಾರ್ಪೆಟ್ ಎತ್ತಿದಾಗ ಹುಳಿ ವಾಸನೆ ಮುಖಕ್ಕೆ ಬಡಿಯಿತು. ವಿನೆಗರ್ ನೀರಿನಲ್ಲಿ ಸ್ಪಾಂಜನ್ನು ಹಿಂಡಿ ಹಿಂಡಿ ತೊಳೆದಳು. ಅದನ್ನು ಬಿಸಿಲಿಗೆ ಹಾಕಿ, ಕಾರಿನೊಳಕ್ಕೆ ಟೇಬಲ್ ಫ್ಯಾನ್ ತಿರುಗಿಸಿದಳು.

ಅವನು ಬಕೆಟ್ ಮೇಲೆ ಕೂತು ನೋಡುತ್ತಿದ್ದ. ಕೊನೆಗೆ ಕೇಳಿದ.

"ಹೀಗೆ ಮಾಡ್ಬೇಕು ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಗೊತ್ತಿತ್ತು."

"ಎಷ್ಟು ದಿನದಿಂದ?"

"ಮೊದಲನೇ ಭಾನುವಾರದಿಂದ."

ಅವನ ಮುಖ ಸಣ್ಣಗಾಯಿತು. "ನಾನು ಎಲ್ರ ಹತ್ರ ನಿಮ್ಮನ್ನ ಹೊಗಳ್ಕೊಂಡು ತಿರುಗಿದೆ ಮೇಡಂ. ನೀವು ನನ್ನ ಆಟ ಆಡಿಸಿದ್ರಾ? ಯಾಕೆ?"

ಹೇಳೇ ಪುಟ್ಟಿ... ಹೇಳಿಬಿಡೇ! ಒಳಗಿನ ಜೀವ ಅಂಗಲಾಚಿತು. ಆದರೆ ಅವಳು ಎದ್ದು ಹೋಗಿ ಬಿಸಿಲಿನಲ್ಲಿದ್ದ ಸ್ಪಾಂಜನ್ನು ಮಗುಚಿ ಹಾಕಿದಳು.

ಸಂಜೆ ಅವನು ಸೀಟು ಜೋಡಿಸಿಕೊಂಡು ಹೊರಟ. ಕಾರು ಹೊಸದರ ಹಾಗಿತ್ತು. "ಥ್ಯಾಂಕ್ಸ್," ಎಂದ, ಅವಳತ್ತ ನೋಡದೆ.

ಆಮೇಲಿನ ದಿನಗಳನ್ನು ಏನೆಂದು ಹೇಳುವುದು? ಪುಟ್ಟಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬೀದಿಯಲ್ಲಿ ಯಾವ ಕಾರಿನ ಸದ್ದಾದರೂ ಕೈಯಲ್ಲಿದ್ದ ಬಟ್ಟೆ ಬಿಸುಟು ಗೇಟಿಗೆ ಓಡುತ್ತಿದ್ದಳು. ಹಾಲಿನವನ ವ್ಯಾನು! ಎದುರುಮನೆಯ ಅಳಿಯ! ಒಂದು ಸಲವಂತೂ ಬೇರೆ ಯಾರದೋ ಕಾರ್ಪೆಟ್ಟಿಗೆ ಸೋಪಿನ ಬದಲು ಅಡುಗೆ ಎಣ್ಣೆ ಸುರಿಯುವುದರಲ್ಲಿದ್ದಳು. ಅತ್ತೆ ಕೈ ಹಿಡಿದು ತಪ್ಪಿಸಿದರು.

"ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ಉಣ್ತಿದ್ದೀನಿ ಅತ್ತೆ," ಎಂದು ಅವರ ಮಡಿಲಲ್ಲಿ ಮುಖ ಹುದುಗಿಸಿದಳು.

ಅತ್ತೆ ಬೈಯಲಿಲ್ಲ. "ನಿಜ ಹೇಳಿದ್ಯಲ್ಲ, ಅರ್ಧ ಆದ್ರೂ. ಇನ್ನರ್ಧ ಅವನೇ ಹುಡುಕ್ಕೊಳ್ಳಲಿ ಬಿಡು," ಎಂದು ತಲೆ ಸವರಿದರು.

ಒಂದು ಭಾನುವಾರ ಹೋಯಿತು. ಇನ್ನೊಂದು ಹೋಯಿತು. ಮೂರನೆಯದರ ಬೆಳಿಗ್ಗೆ ಅವಳು ಗೇಟಿಗೆ ಓಡುವುದನ್ನು ಬಿಟ್ಟು ಅಂಗಳಕ್ಕೆ ಬೆನ್ನು ಹಾಕಿ ಕೂತಿದ್ದಳು. ಅದಕ್ಕೇ ಕಾರು ಬಂದು ನಿಂತದ್ದು ಅವಳಿಗೆ ತಿಳಿಯಲಿಲ್ಲ.

"ಮೇಡಂ... ಕಲೆ ಮತ್ತೆ ಬಂದಿದೆ."

ಅವಳು ಗಕ್ಕನೆ ತಿರುಗಿದಳು. ಅವನೇ! ಗಡ್ಡ ಬೆಳೆದಿದೆ. ಕಣ್ಣಲ್ಲಿ ನಿದ್ದೆಯಿಲ್ಲ.

ಆದರೆ... ಕಲೆ? ಮತ್ತೆ? ಸಾಧ್ಯವೇ ಇಲ್ಲ! ಬುಡ ಸಮೇತ ತೆಗೆದಿದ್ದಳು. ಅದೂ ಬಂದಿದ್ದರೆ ತನ್ನ ಕೈಗೆ ಇನ್ನೇನು ಬೆಲೆ?

ಓಡಿ ಹೋಗಿ ಮಂಡಿಯೂರಿದಳು. ಅದೇ ಜಾಗ, ಅಷ್ಟೇ ಅಗಲದ ಕಂದು ಕಲೆ. ಬಿಳಿ ಬಟ್ಟೆ ಒತ್ತಿದಳು, ಎತ್ತಿ ಮೂಗಿಗೆ ಹಿಡಿದಳು. ಕಾರ್ಪೆಟ್ಟಿನ ಅಂಚು ಸರಿಸಿ ಅಡಿಗೆ ಬೆರಳು ತೂರಿಸಿದಳು. ಸ್ಪಾಂಜ್ ಪೂರ್ತಿ ಒಣಗಿತ್ತು.

ಪುಟ್ಟಿ ನಿಧಾನವಾಗಿ ತಲೆ ಎತ್ತಿದಳು.

"ಇದು ಅಡಿಯಿಂದ ಬಂದ ಕಲೆ ಅಲ್ಲ. ಮೇಲಿಂದ ಬಿದ್ದಿದ್ದು. ಇವತ್ತು ಬೆಳಿಗ್ಗೆ."

ಅವನು ಕತ್ತು ಕೆರೆದುಕೊಂಡ.

"ಟೀಚರಮ್ಮ ಬ್ರೇಕ್ ಹಾಕಿದ್ರಾ?"

"ಇಲ್ಲ. ಕಾರು ನಿಂತೇ ಇತ್ತು, ನಿಮ್ಮ ಬೀದಿ ಕೊನೇಲಿ. ನಾನೇ ಸುರಿದೆ."

"ಯಾಕೆ?"

"ಟೀಚರಮ್ಮನಿಗೆ ಎಲ್ಲಾ ಹೇಳ್ಕೊಂಡೆ. ಅವರು ಬೈದ್ರು. 'ಜೀವಮಾನವಿಡೀ ಮಕ್ಕಳ ತಪ್ಪು ತಿದ್ದಿದ್ದೀನಿ ಕಣಯ್ಯಾ. ಸರಿ ಉತ್ತರ ಗೊತ್ತಿದ್ದೂ ತಪ್ಪು ಬರೆಯೋ ಮಗು, ಮೇಷ್ಟ್ರು ಹತ್ರ ಬಂದು ಕೂತ್ಕೊಳ್ಳಲಿ ಅಂತ ಬರೆಯುತ್ತೆ' ಅಂದ್ರು." ಅವನ ದನಿ ಇಳಿಯಿತು. "ನಿಜಾನಾ ಮೇಡಂ?"

ಕಣ್ಣಲ್ಲಿ ನೀರು ತುಂಬಿಕೊಂಡೇ ಅವಳು ಬಟ್ಟೆಯನ್ನು ಇನ್ನೊಮ್ಮೆ ಮೂಸಿದಳು. ಏನೋ ಕಡಿಮೆಯಿತ್ತು. ಹಾಲಿಲ್ಲ. ಜಿಗುಟೂ ಇಲ್ಲ, ಅಂದರೆ ಸಕ್ಕರೆಯೂ ಇಲ್ಲ.

"ಬರೀ ಕಾಫಿ..."

"ಹಾಲು ಹಾಕಿದ್ರೆ ನಿಮಗೆ ಕಷ್ಟ ಅಂದಿದ್ರಲ್ಲ," ಎಂದ ಅವನು. "ಮಿಕ್ಕಿದ್ದನ್ನ ಹಾಗೇ ಕುಡಿದೆ. ಥೂ, ಏನು ಕಹಿ!"

ಪುಟ್ಟಿಗೆ ಅಳುವೂ ನಗುವೂ ಒಟ್ಟಿಗೇ ನುಗ್ಗಿತು.

"ನಿಜ," ಎಂದಳು. "ಕಲೆ ಹೋದ್ರೆ ನೀವು ಬರಲ್ಲ ಅಂತ ಹೆದರಿದ್ದೆ. ನೀವಂದ್ರೆ... ನನಗಿಷ್ಟ. ಆದ್ರೆ ಮಾಡಿದ್ದು ತಪ್ಪು. ನಿಮ್ಮ ಕೆಲಸಕ್ಕೇ ಕುತ್ತು ತಂದೆ. ಕ್ಷಮಿಸ್ತೀರಾ?"

"ಕ್ಷಮಿಸದೇ ಇದ್ದಿದ್ರೆ ಕಾಫಿ ಯಾಕೆ ದಂಡ ಮಾಡ್ತಿದ್ದೆ?" ಅವನು ಅವಳ ಪಕ್ಕದಲ್ಲೇ ಮಂಡಿಯೂರಿದ. "ಅವತ್ತು ನೀವು ರಸ್ತೆ ನಡುವೆ ಕಣ್ಣು ಮುಚ್ಚಿ ನಿಂತಿದ್ರಲ್ಲ... ಅವತ್ತಿಂದ ನಂಗೂ ನೆಮ್ಮದಿ ಇಲ್ಲ."

ಕಿಟಕಿಯ ಪರದೆ ಅಲುಗಿತು. ಅತ್ತೆಯ ಬಳೆ ಸದ್ದು ಮಾಡಿ, ಜಾಣತನದಿಂದ ದೂರ ಹೋಯಿತು.

ಪುಟ್ಟಿ ಕಣ್ಣೊರೆಸಿಕೊಂಡು, ಬಟ್ಟೆಯ ಒಂದು ತುದಿಯನ್ನು ಅವನ ಕೈಗಿತ್ತಳು.

"ಒತ್ತಿ. ಉಜ್ಜಬೇಡಿ. ಅಂಚಿಂದ ನಡುವಿಗೆ."

ಹತ್ತೇ ನಿಮಿಷ. ಕಲೆ ಪೂರ್ತಿ ಹೋಯಿತು.

ಅವನು ಕಲೆಯಿಲ್ಲದ ಕಾರ್ಪೆಟ್ಟನ್ನೇ ನೋಡುತ್ತ ಕೇಳಿದ, "ಇನ್ಮೇಲೆ ಯಾವ ಕಾರಣ ಹೇಳ್ಕೊಂಡು ಬರ್ಲಿ ಪುಟ್ಟಿ?"

ಅವನ ಬಾಯಲ್ಲಿ ಮೊದಲ ಸಲ ತನ್ನ ಹೆಸರು!

"ಕಾರಣ ಬೇಡ," ಎಂದಳು ಅವಳು. "ಸುಮ್ನೆ ಬನ್ನಿ."